ಅಪ್ಪ ಕೇಳಿದ್ದ ತೆಜ್

ತಮ್ಮಾ ಗೆತ್ನೆಟ್,

ನಿನ್ನನ್ನು ಎಬ್ಬಿಸಲು ಮನಸ್ಸು ಬರಲಿಲ್ಲ. ಅಪ್ಪನ ದೇಹ ತರಲು ಆಸ್ಪತ್ರೆಗೆ ಹೊರಟಿದ್ದೇನೆ.

ದುಃಖ ಕೇಳಲು ಬರುವವರಿಗಾಗಿ ಓಣಿಯವರು ಅಂಗಳದಲ್ಲಿ ಡೇರೆ ಹಾಕಲು ಬರುತ್ತಾರೆ, ನಾಯಿಯನ್ನು ಕಟ್ಟಿಹಾಕು. ದೊಡ್ಡಪ್ಪನಿಗೆ ಫೋನಿನಲ್ಲಿ ಹೇಳಬೇಡ, ಹೋಗಿ ಪಕ್ಕದಲ್ಲಿ ಕೂತು ಹೇಳು.

ನೀನು ಚರಂಡಿಗೆ ಸುರಿಯಲು ಹೊರಟಿದ್ದ ತೆಜ್ ನನ್ನ ಮಂಚದ ಕೆಳಗಿದೆ. ಚೆಲ್ಲಿದರೆ ನೋಡು! "ಈ ಜೇನಿನ ಹೆಂಡ ತರಕ್ಕೆ ಹೋಗಿ, ಅಪ್ಪ ಸಾಯುವಾಗ ಹತ್ರ ಇಲ್ದೇ ಹೋದ್ನಲ್ಲಕ್ಕಾ" ಎಂದು ನಿನ್ನೆ ನೀನು ಎದೆ ಬಡಿದುಕೊಂಡೆಯಲ್ಲ. ಅಲ್ಲಿ ನಡೆದದ್ದನ್ನು ಈಗ ಹೇಳುತ್ತೇನೆ, ಕೇಳು.

ನೀನು ದೆಬ್ರೆ ಮಾರ್ಕೋಸ್ ಬಸ್ಸು ಹತ್ತಿದ ಮೇಲೆ ಅಪ್ಪ ಎದ್ದು ಕೂತರು. ನರ್ಸಮ್ಮನನ್ನು ಕರೆದು, "ನನ್ ಮಗ ಅಸೆಗೆದೆಚ್ ಮನೆ ತೆಜ್ ತರಕ್ಕೆ ಹೋಗಿದಾನೆ ಕಣಮ್ಮಾ. ಸಕ್ಕರೆ ಬೆರೆಸೋ ಕಳ್ಳಿ ಅಲ್ಲ ಅವಳು, ಬರೀ ಜೇನು! ಗಂಟಲಲ್ಲಿ ಇಳೀತಿದ್ರೆ ಬಿಸಿಲು ಇಳ್ದಂಗಿರತ್ತೆ. ನಿಂಗೂ ಒಂದು ಬುಡ್ಡಿ ಕೊಡಿಸ್ತೀನಿ" ಎಂದರು. ಆಕೆ ನಕ್ಕಳು, ಅವರೂ ನಕ್ಕರು. ತುಟಿ ಸವರಿಕೊಂಡು, ಕುಡಿದವರ ಹಾಗೆ ದಿಂಬಿಗೆ ಒರಗಿದರು. ಮತ್ತೆ ಏಳಲಿಲ್ಲ. ಅಮ್ಮ ಹೋದ ಮೇಲೆ ಅವರನ್ನು ಅಷ್ಟು ಸಂತೋಷವಾಗಿ ನಾನು ಕಂಡೇ ಇರಲಿಲ್ಲ. ಆ ಸಂತೋಷ ಕೊಟ್ಟವನು ನೀನು, ಪೆದ್ದ.

ಒಂದು ಬುಡ್ಡಿ ನರ್ಸಮ್ಮನಿಗೆ ತುಂಬಿಸು. ಒಂದನ್ನು ನೀನು ಕುಡಿ, ಇವತ್ತು ಉಪವಾಸದ ದಿನವಲ್ಲ. ಅಪ್ಪ ಹೇಗೆ ರುಚಿ ನೋಡಿ ಕುಡಿಯುತ್ತಿದ್ದರೋ ಹಾಗೆ ನಿಧಾನವಾಗಿ ಕುಡಿ.

ಆಮೇಲೆ ಮುಖ ತೊಳೆದುಕೊಂಡು ಆಸ್ಪತ್ರೆಗೆ ಬಾ. ನಾನಿನ್ನೂ ಅತ್ತಿಲ್ಲ ಕಣೋ. ನೀನು ಪಕ್ಕದಲ್ಲಿ ನಿಂತರೆ ಅಳು ಬಂದೀತು.

ಅಕ್ಕ ಅಗೆರ್ನೆಶ್