ರೆಪ್ಪೆಯ ಮೇಲಿನ ನೇರಳೆ

ಮಾರ್ಚ್ ೯

ಮಗಳ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಈ ಸಲ ಅದಕ್ಕೆ ಕಾಯಿಲೆ ಕಾರಣವಲ್ಲ.

ನಿಮ್ಮ ಕಾಗದ ತಲುಪಿತು. “ಆಗಿದ್ದು ಆಗೋಯ್ತು, ಮನೆಗೆ ಬಂದ್ಬಿಡು” ಎಂದಿದ್ದೀರಿ. ಆಗಿದ್ದು ಏನೆಂದು ನಾನೇ ಹೇಳುತ್ತೇನೆ, ಕೇಳಿ.

ಮೊದಲು ತಲೆ ಬಾಚಲು ಕೈ ಏಳಲಿಲ್ಲ. ಆಮೇಲೆ ಕುರ್ಚಿಯಿಂದೇಳಲು ಮೇಜು ಹಿಡಿಯಬೇಕಾಯಿತು. ನಿಮ್ಮ ತಾಯಿ ಮೈಗಳ್ಳಿ ಅಂದರು. ರೆಪ್ಪೆಗಳು ನೇರಳೆಗೆ ತಿರುಗಿದಾಗ ನೀವು ನಿಮ್ಮ ಪೆಟ್ಟಿಗೆ ತೆರೆದು, ನೇರಳೆ ಬಣ್ಣದ ಡಬ್ಬಿ ಎಷ್ಟು ಖಾಲಿಯಾಗಿದೆ ಎಂದು ನೋಡಿದಿರಿ. ಇಪ್ಪತ್ತು ವರ್ಷ ನಾಟಕದವರ ಮುಖಕ್ಕೆ ಬಣ್ಣ ಹಚ್ಚಿದವರು ನೀವು. ನಿಮ್ಮ ಕಣ್ಣಿಗೆ ಜಗತ್ತೆಲ್ಲ ಮೇಕಪ್ಪೇ. “ಯಾರಿಗೆ ತೋರ್ಸೋಕೆ ಈ ಅಲಂಕಾರ?” ಅಂದಿರಿ. ಎಂಟು ತಿಂಗಳು ಮನೆಯಲ್ಲಿ ನನ್ನ ಹೆಸರು ‘ನಾಟಕದವಳು’ ಎಂದಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಕೊನೆಕೊನೆಗೆ ನಾನೂ ನಂಬಿದ್ದೆ.

ಕುಡಿದ ನೀರು ಮೂಗಿಗೆ ಬರತೊಡಗಿದ ಮೇಲೆ ಅಕ್ಕ ನನ್ನನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರಮ್ಮ ರೆಪ್ಪೆ ನೋಡಿದರು, ಬೆರಳ ಗಿಣ್ಣುಗಳ ಮೇಲಿನ ಕೆಂಪು ಗುಳ್ಳೆಗಳನ್ನು ನೋಡಿದರು, ಕೈ ಎತ್ತಿ ಹಿಡಿಯಲು ಹೇಳಿ ಎಣಿಸಿದರು. ಹತ್ತಕ್ಕೆ ಮುಂಚೆಯೇ ಕೈ ಬಿತ್ತು. ರಕ್ತ ಪರೀಕ್ಷೆಯಾಯಿತು, ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದ್ದಾಯಿತು. ಮೈಯನ್ನು ಕಾಯಬೇಕಾದ ಶಕ್ತಿಯೇ ಸ್ನಾಯುಗಳ ಮೇಲೆ ತಿರುಗಿಬಿದ್ದಿದೆ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ನಿಮ್ಮ ಜೊತೆ ಬಾಳಿದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಈಗ ದಿನಾ ಸ್ಟೆರಾಯ್ಡ್, ವಾರಕ್ಕೊಮ್ಮೆ ಇನ್ನೊಂದು ಮಾತ್ರೆ, ಜೊತೆಗೆ ವ್ಯಾಯಾಮ. ಮುಖ ಬನ್ನಿನಂತೆ ಊದಿದೆ. ಮಗಳು ಕೆನ್ನೆ ಒತ್ತಿ ನಗುತ್ತಾಳೆ. ನಿನ್ನೆ ನಾನೇ ಜಡೆ ಹಾಕಿಕೊಂಡೆ, ನಡುವೆ ಮೂರು ಸಲ ಕೈ ಇಳಿಸಿ. ನುಂಗುವುದು ಇನ್ನೂ ಕಷ್ಟ. ಬಲ ಪೂರ್ತಿ ಮರಳುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ, “ಸ್ವಲ್ಪ ಬೇಗ ಬಂದಿದ್ರೆ ಚೆನ್ನಾಗಿತ್ತಮ್ಮಾ” ಅಂದರು.

ನಾನು ಆ ಮನೆಗೆ ಬರುವುದಿಲ್ಲ. ಮಗಳನ್ನು ನೋಡಬೇಕೆನಿಸಿದರೆ ಭಾನುವಾರ ನೀವೇ ಅಕ್ಕನ ಮನೆಗೆ ಬನ್ನಿ. ಬಾಗಿಲು ತೆರೆಯುವುದು ತಡವಾದರೆ ನಟನೆ ಅಂದುಕೊಳ್ಳಬೇಡಿ.

ಇಂತಿ,
ನಿಮ್ಮ ಮಗಳ ಅಮ್ಮ

ಇನ್ನೊಂದು ಮಾತು: ಒಂದು ದಿನ ನಿಮ್ಮ ತಾಯಿಯ ಎದುರು ನನ್ನನ್ನು ಕೂರಿಸಿ, ಎಣ್ಣೆ ಹಚ್ಚಿದ ಹತ್ತಿಯಿಂದ ರೆಪ್ಪೆ ಉಜ್ಜಿದಿರಿ, ನೆನಪಿದೆಯೇ? ಹತ್ತಿ ಬೆಳ್ಳಗೇ ಇತ್ತು. ನಾವಿಬ್ಬರೂ ನೋಡಿದೆವು. ನೀವು ಅದನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, “ನೋಡಮ್ಮಾ, ಬಣ್ಣಾನೇ” ಅಂದಿರಿ. ಅದು ಆ ಎಂಟು ತಿಂಗಳಲ್ಲಿ ಮೊದಲನೇ ತಿಂಗಳು.