ಬೀಗ ಹಾಕಿದವರೇ ಬರೆದ ವರದಿ

ಜನಸಂದಣಿ ನಿರ್ವಹಣೆಯ ದೊಡ್ಡ ಸಾಹೇಬರೇ, ಮಾನ್ಯರೇ,

ಸಲಾಕೆ ಎತ್ತಿಕೊಂಡು, ಹಲ್ಲು ಕಚ್ಚಿಕೊಂಡು ನಿಂತಿದ್ದಾನಲ್ಲ, ಅವನು ನನ್ನ ಭಾವ. ನಿಮ್ಮ ವರದಿಯ ರಟ್ಟಿನ ಮೇಲೆ ಅವನ ಫೋಟೊ ಹಾಕಿಸಿ, ಕೆಳಗೆ ‘ಸಮೂಹ ಹಿಂಸೆಯ ಮುಖ’ ಎಂದು ಅಚ್ಚು ಹಾಕಿಸಿದ್ದೀರಿ. ಆ ಮುಖವನ್ನು ನಾನು ಅಕ್ಕನ ಮದುವೆಯಾದ ದಿನದಿಂದ ನೋಡುತ್ತಿದ್ದೇನೆ. ದಾರಿಯಲ್ಲಿ ಇರುವೆ ಸಾಲು ಕಂಡರೆ ಸೈಕಲ್ ಇಳಿದು, ಎತ್ತಿಕೊಂಡು ದಾಟುವ ಆಸಾಮಿ ಅವನು. ಸೈಕಲ್ ರಿಪೇರಿ ಮಾಡುವವನ ಚೀಲದಲ್ಲಿ ಕಬ್ಬಿಣ ಇರದೆ ನವಿಲುಗರಿ ಇರುತ್ತದೆಯೇ? ಅವನೀಗ ಜೈಲಿನಲ್ಲಿದ್ದಾನೆ. ಜಾಮೀನು ಕೇಳಿದಾಗಲೆಲ್ಲ ಸರ್ಕಾರಿ ವಕೀಲರು ನಿಮ್ಮ ಪುಸ್ತಕವನ್ನೇ ಎತ್ತಿ ತೋರಿಸುತ್ತಾರೆ.

ನಾನು ಯಾರೆಂದು ನಿಮಗೆ ಗೊತ್ತು, ಓದುವ ಜನಕ್ಕೂ ಗೊತ್ತಾಗಲಿ. ದೊಡ್ಡವರು ಸಭೆಗೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಅವರು ಬರುವತನಕ ಜನ ಎದ್ದು ಹೋಗದಂತೆ ಮೈಕು ಹಿಡಿದು ನಗಿಸಲು ಒಬ್ಬ ಬೇಕು. ಆ ಒಬ್ಬ ನಾನು. ಐದನೇ ಕ್ಲಾಸಿಗೇ ಮೇಷ್ಟರು ನನ್ನನ್ನು ಶಾಲೆಯಿಂದ ಓಡಿಸಿದರು. ಅವರ ನಡಿಗೆಯನ್ನು ಅವರಿಗಿಂತ ಚೆನ್ನಾಗಿ ನಡೆದು ತೋರಿಸಿದ್ದೆ. ಅಂದಿನಿಂದ ಇದೇ ಕಸುಬು. ಹೊಸ ಕ್ರೀಡಾಂಗಣದ ಉದ್ಘಾಟನೆಗೂ ನೀವೇ ಕರೆಸಿದ್ದಿರಿ. ಮುಖ್ಯ ಅತಿಥಿಗಳು ಮುಂದಿನ ಗೇಟಿನಿಂದ ಕೆಂಪು ಜಮಖಾನೆಯ ಮೇಲೆ ನಡೆದು ಬರಬೇಕು, ಅದಕ್ಕೆ ಮೊದಲು ಒಬ್ಬರ ಚಪ್ಪಲಿಯೂ ಅದರ ಮೇಲೆ ಬೀಳಬಾರದು ಎಂದು ಗೇಟಿಗೆ ಬೀಗ ಹಾಕಿಸಿದಿರಿ. ಕೀಲಿ ಜೇಬಿಗಿಳಿಸಿ ಅತಿಥಿಗಳನ್ನು ಎದುರುಗೊಳ್ಳಲು ಹೊರಟಿರಿ. ಹಿಂದಿನ ಬಾಗಿಲಿಂದ ಒಳಗೆ ಬಂದಿದ್ದವರು ಅರ್ಧ ಜನ. ಮಿಕ್ಕವರೆಲ್ಲ ಚೀಟಿ ಕೈಯಲ್ಲಿ ಹಿಡಿದು ಬೀಗದ ಆಚೆ.

ನಾನು ವೇದಿಕೆಯ ಮೇಲಿದ್ದೆ. ಅಲ್ಲಿಂದ ಗೇಟು ಚೆನ್ನಾಗಿ ಕಾಣುತ್ತದೆ. ಕಂಬಿಗಳ ನಡುವೆ ಕೈಗಳು ಬರತೊಡಗಿದ್ದು ಕಂಡಿತು, ಆಮೇಲೆ ಮುಖಗಳು ಕಂಬಿಗೆ ಒತ್ತಿಕೊಂಡದ್ದು. ಮಾತು ನಿಲ್ಲಿಸಿ ನಿಮ್ಮ ಕಚೇರಿಯವನಿಗೆ, ಗೇಟು ತೆಗೆಸಿ ಸ್ವಾಮಿ ಎಂದೆ. ಅವನು ಮೈಕಿಗೆ ಅಂಗೈ ಮುಚ್ಚಿ ಏನಂದ ಗೊತ್ತೇ? “ನೀನು ನಗಿಸ್ತಾ ಇರಪ್ಪ. ಗೇಟು ಸಾಹೇಬರ ತಲೆನೋವು.”

ನಾನು ಮತ್ತೆ ಶುರುಮಾಡಿದೆ. ಒಳಗಿನ ಜನ ಬಿದ್ದು ಬಿದ್ದು ನಕ್ಕರು. ಹೊರಗಿನ ಜನ ಬೇಸರದಿಂದ ಗಲಾಟೆ ಮಾಡಬಾರದೆಂದು ನೀವು ಗೇಟಿನ ಮೇಲೂ ಎರಡು ಲೌಡ್‌ಸ್ಪೀಕರ್ ಕಟ್ಟಿಸಿದ್ದಿರಿ. ಎಂಥಾ ಮುಂದಾಲೋಚನೆ! ನಾನು ನೋಡಲು ಹೋದಾಗ ಜೈಲಿನ ಜಾಲರಿಯ ಆಚೆ ನಿಂತು ಭಾವ ಹೇಳಿದ: “ನಿನ್ನ ಜೋಕು ಭಾಳ ಚೆನ್ನಾಗಿ ಕೇಳಿಸ್ತಿತ್ತು ಕಣೋ. ಒಳಗೆ ಎಲ್ಲಾ ಶುರುವಾಗೇಬಿಟ್ಟಿದೆ, ನಾವೇ ತಪ್ಪಿಸ್ಕೊಂಡ್ವಿ ಅಂದ್ಕೊಂಡು ಹಿಂದಿನವರು ತಳ್ಳೋಕೆ ಹಿಡಿದ್ರು. ಮುಂದಿನವರಿಗೆ ಹಿಂದೆ ಸರಿಯೋಕೆ ಜಾಗ ಎಲ್ಲಿ?”

‘ಕಾರ್ಯಕ್ರಮ ಆರಂಭವಾಗುವ ಮೊದಲೇ ಜನರು ನಿಷ್ಕಾರಣವಾಗಿ ನುಗ್ಗಿದರು’ ಎಂದು ಬರೆದಿದ್ದೀರಲ್ಲ, ಆ ನಿಷ್ಕಾರಣಕ್ಕೆ ಕಾರಣ ಇದು. ಭಾವ ಅಂಗಡಿ ಮುಚ್ಚಿ ನೆಟ್ಟಗೆ ಅಲ್ಲಿಗೆ ಬಂದಿದ್ದ. ಚೀಲದಿಂದ ಸಲಾಕೆ ತೆಗೆದು ಬೀಗ ಒಡೆದ. ಅದೇ ಗಳಿಗೆಯ ಫೋಟೊ ನಿಮ್ಮದು. ಬೀಗ ಒಡೆದ ಮೇಲೆ ಜನ ಉಸಿರಾಡಿದ ಫೋಟೊ ಯಾಕೆ ಹಾಕಲಿಲ್ಲ? ಉಸಿರಾಡದೆ ಹೋದವರೂ ಇದ್ದರು. ನಮ್ಮ ಬೀದಿಯ ಇಸ್ತ್ರಿ ಅಂಗಡಿಯ ಚಿಕ್ಕಮ್ಮ ಅವರಲ್ಲಿ ಒಬ್ಬಳು. ನನ್ನ ಜೋಕು ಮುಗಿಯುವ ಮೊದಲೇ ನಗುತ್ತಿದ್ದವಳು. ಮುದುರದ ಸೀರೆ ಉಟ್ಟು ಬಂದಿದ್ದಳು, ಅವಳನ್ನು ಜಮಖಾನೆಯ ಮೇಲೆಯೇ ಮಲಗಿಸಿದೆವು. ಅತಿಥಿಗಳು ಆಮೇಲೆ ಹಿಂದಿನ ಬಾಗಿಲಿಂದ ಬಂದು, ಹಿಂದಿನ ಬಾಗಿಲಿಂದಲೇ ಹೋದರು.

ಇನ್ನು ನಿಮ್ಮ ಪಾಂಡಿತ್ಯಕ್ಕೆ ಬರೋಣ. ವರದಿ ಬರೆಯುವ ಮೊದಲು ಅಧ್ಯಯನವೆಂದು ಐದು ದೇಶ ಸುತ್ತಿ ಬಂದಿರಿ. ನನ್ನ ಹೆಂಡತಿ ಗಟ್ಟಿಯಾಗಿ ಓದಿದಳು, ನಾನು ಕೇಳಿದೆ. ಒಂದು ದೇಶದಲ್ಲಿ ಆಟ ಸೋತರೆ ಕುರ್ಚಿ ಮುರಿಯುತ್ತಾರಂತೆ, ಇನ್ನೊಂದರಲ್ಲಿ ಗೆದ್ದರೂ ವಾಹನಕ್ಕೆ ಬೆಂಕಿ ಇಡುತ್ತಾರಂತೆ, ಮತ್ತೊಂದರಲ್ಲಿ ಆಟ ಮುಗಿದ ಮೇಲೆ ತಾವೇ ಕಸ ಹೆಕ್ಕಿ ಮನೆಗೆ ಹೋಗುತ್ತಾರಂತೆ. ನಮ್ಮವರಿಗೆ ಮಾತ್ರ ‘ನುಗ್ಗುವುದು ರಕ್ತಗತ’ವಂತೆ. ನಮ್ಮ ರಕ್ತ ಯಾವಾಗ ಪರೀಕ್ಷೆ ಮಾಡಿಸಿದಿರಿ? ಐದೂ ಕಡೆ ಮೆತ್ತನೆಯ ಕುರ್ಚಿಯಲ್ಲಿ ಕೂತು ನೋಡಿದಿರಲ್ಲ, ಒಂದು ಕಡೆಯಾದರೂ ಜನರ ಸಾಲಿನಲ್ಲಿ ನಿಂತಿರಾ?

ನನ್ನ ಷಡ್ಡಕ ಹಡಗಿನಲ್ಲಿ ಅಡುಗೆಯವನು. ಬಂದರಿನಲ್ಲಿ ಇಳಿದರೆ ಆಟ ನೋಡಲು ಅಗ್ಗದ ಟಿಕೆಟ್ಟಿನ ಸಾಲಿಗೇ ಹೋಗುವವನು. ನಿಮ್ಮ ವರದಿಯ ಸುದ್ದಿ ಹೇಳಿದಾಗ ನಕ್ಕುಬಿಟ್ಟ. ಕುರ್ಚಿ ಮುರಿಯುವವರು ಮುರಿಯುವುದಕ್ಕೇ ಬಂದಿರುತ್ತಾರಂತೆ, ಮೊದಲೇ ಕುಡಿದು, ಗುಂಪು ಕಟ್ಟಿಕೊಂಡು. ಅದು ಹಿಂಸೆ, ಅವರನ್ನು ಬೇಕಾದರೆ ಜೈಲಿಗೆ ಹಾಕಿ, ನಾನೇ ಬಾಗಿಲು ಹಿಡಿದುಕೊಳ್ಳುತ್ತೇನೆ. ಆದರೆ ಆ ಕಸ ಹೆಕ್ಕುವ ಸಂಭಾವಿತರೂ ಒಮ್ಮೆ ಕ್ರೀಡಾಂಗಣದಿಂದ ಹೊರಬರುವ ಸುರಂಗದ ದಾರಿಯ ಕೊನೆಯ ಬಾಗಿಲು ಮುಚ್ಚಿದ್ದಾಗ ಒಬ್ಬರ ಮೇಲೊಬ್ಬರು ಬಿದ್ದರಂತೆ. ಇವನೂ ಅಲ್ಲೇ ಇದ್ದ. ಇವನ ಒಂದು ಶೂ ಇವತ್ತಿಗೂ ಆ ದೇಶದಲ್ಲೇ ಇದೆ. “ಯಾರೂ ಯಾರಿಗೂ ಹೊಡೀಲಿಲ್ಲ, ಕ್ಷಮಿಸಿ ಕ್ಷಮಿಸಿ ಅಂತಾನೇ ತುಳಿದ್ರು” ಎಂದ. ಜನ ಹೊಡೆದಾಡುವ ರೀತಿ ದೇಶಕ್ಕೊಂದು ಥರ ಇರಬಹುದು ಸಾಹೇಬರೇ, ಅದನ್ನು ನಾನೂ ಒಪ್ಪುತ್ತೇನೆ. ಎದೆಗೂಡು ಎಲ್ಲರದೂ ಒಂದೇ ಅಳತೆ. ಹೊಡೆಯಲು ಬಂದವನನ್ನೂ ಉಸಿರಿಗಾಗಿ ತಳ್ಳಿದವನನ್ನೂ ಒಂದೇ ಪುಟದಲ್ಲಿ ಕೂರಿಸಿದಿರಿ. ಬೀಗ ಹಾಕಿದವನ ಸಂಸ್ಕೃತಿಗೆ ಅರ್ಧ ಪುಟವಾದರೂ ಬೇಡವೇ?

ಹಾಗಾಗಿ ನನ್ನ ಬೇಡಿಕೆ. ಆ ಫೋಟೊವನ್ನು ರಟ್ಟಿನಿಂದ ತೆಗೆದುಹಾಕಿಸಿ. ‘ಬೀಗ ನನ್ನ ಆಜ್ಞೆ, ಕೀಲಿ ನನ್ನ ಜೇಬಿನಲ್ಲಿತ್ತು’ ಎಂದು ನ್ಯಾಯಾಲಯದಲ್ಲಿ ನಿಂತು ಹೇಳಿ. ನನ್ನ ಭಾವನನ್ನು ಮನೆಗೆ ಕಳಿಸಿ.

ಇಲ್ಲವಾದರೆ ಕೇಳಿ. ನನಗೆ ಕೋರ್ಟು ಗೊತ್ತಿಲ್ಲ, ಮೈಕು ಗೊತ್ತು. ನಿಮ್ಮ ನಡಿಗೆ ಅಭ್ಯಾಸವಾಗಿದೆ. ಜೇಬು ತಟ್ಟಿ ನೋಡಿಕೊಳ್ಳುವುದು, ಗಂಟಲು ಸರಿಮಾಡಿಕೊಳ್ಳುವುದು, ಜಮಖಾನೆಯ ಅಂಚು ತುಳಿಯದೆ ಕಾಲೆತ್ತಿ ಇಡುವುದು, ಎಲ್ಲ ಬಂದಿದೆ. ಮೊನ್ನೆ ಒಂದು ಮದುವೆಯಲ್ಲಿ ಮಾಡಿದೆ, ಮುದುಕರು ಮತ್ತೊಮ್ಮೆ ಮಾಡಿಸಿದರು. ನಿಮ್ಮ ಹೆಸರು ಹೇಳುವುದೇ ಇಲ್ಲ, ಎರಡು ಹೆಜ್ಜೆ ಇಟ್ಟರೆ ಸಾಕು, ಜನರೇ ಹೇಳುತ್ತಾರೆ. ಇನ್ನು ಮುಂದೆ ನಾನು ಹತ್ತುವ ಪ್ರತಿ ವೇದಿಕೆಯಲ್ಲೂ ನೀವಿರುತ್ತೀರಿ. ನೀವು ನಿವೃತ್ತರಾಗುವ ದಿನ ಕಚೇರಿಯ ಎದುರಿನ ರಸ್ತೆಯಲ್ಲಿ ಪುಕ್ಕಟೆ ಆಡಿ ತೋರಿಸುತ್ತೇನೆ. ಮೊಮ್ಮಕ್ಕಳ ಕೈ ಹಿಡಿದು ನೀವು ಪೇಟೆಗೆ ಬಂದರೆ, ತಾತನನ್ನು ಕಂಡು ಅಂಗಡಿಯವರೆಲ್ಲ ಯಾಕೆ ನಗುತ್ತಾರೆಂದು ಆ ಮಕ್ಕಳು ಕೇಳಬೇಕು. ಏನು ಉತ್ತರ ಕೊಡುತ್ತೀರೋ ಯೋಚಿಸಿಟ್ಟುಕೊಳ್ಳಿ. ಇನ್ನೂ ಇದೆ, ನಿಮ್ಮ ಆ ಕಚೇರಿಯವನ ವಿಷಯವಾಗಿ…

“ಎಷ್ಟು ಸಲ ಕರೀಲೋ? ತಟ್ಟೆ ಹಾಕಿ ಆಯ್ತು, ಬಾ.”

ಅಕ್ಕ. ಭಾವ ಜೈಲಿಗೆ ಹೋದ ಮೇಲೆ ಎದುರಿಗೆ ಯಾರಾದರೂ ಕೂತು ಉಂಡರೆ ಮಾತ್ರ ಅವಳೂ ಎರಡು ತುತ್ತು ತಿನ್ನುತ್ತಾಳೆ. ಅವಳನ್ನು ಕಾಯಿಸಲಾರೆ, ಏಳುತ್ತೇನೆ.

ಇಂತಿ,
ಹೊಟ್ಟೆಯಲ್ಲಿ ಅನ್ನಕ್ಕೆ ಜಾಗವಿಲ್ಲದಷ್ಟು ಸಿಟ್ಟಿಟ್ಟುಕೊಂಡು ಊಟಕ್ಕೆ ಎದ್ದಿರುವ
ಮೈಕಿನವನು