ಮೊದಲು ಹೊಡೆದವರು ಯಾರು

ಜೂನ್ 9, ಸೋಮವಾರ. ತಿರುವನಂತಪುರ. ಬೆಳಿಗ್ಗೆ 7.30

ವಾಕಿಂಗ್ ಆಯಿತು. ಪೂಜಪ್ಪುರ ಮೈದಾನಕ್ಕೆ ಎರಡು ಸುತ್ತು. ಮೂರನೆಯದಕ್ಕೆ ಮಂಡಿ ಒಪ್ಪಲಿಲ್ಲ. ಶುಗರ್ 148. ಕೌಸಲ್ಯಾಳಿಗೆ 130 ಎಂದು ಹೇಳಿದೆ.

ಅನುವಾದ ನಲವತ್ತನೆಯ ಪುಟಕ್ಕೆ ಬಂದಿದೆ. ರಿಟೈರ್ ಆಗಿ ಮೂರು ವರ್ಷವಾದರೂ ಕನ್ನಡದ ಕೆಲಸ ಬಂದರೆ ಹಳೆಯ ಆಫೀಸಿನವರು ನನ್ನನ್ನೇ ಕರೆಯುತ್ತಾರೆ. ಈ ಸಲದ್ದು ಕಾಸರಗೋಡಿನ ಪಂಚಾಯತುಗಳಿಗೆ ಹಂಚುವ ಕೈಪಿಡಿ — ಮನೆಯೊಳಗಿನ ಹಿಂಸೆ, ಹೆಂಗಸರ ಹಕ್ಕುಗಳು. ಮಲಯಾಳದಲ್ಲಿ ‘ಅಡಿ’ ಎಂದಿದೆ. ‘ಏಟು’ ಎನ್ನಲೇ, ‘ಹಲ್ಲೆ’ ಎನ್ನಲೇ? ಹಲ್ಲೆ ಎಂದೇ ಹಾಕಿದೆ. ತೂಕ ಇದೆ.

ನಿನ್ನೆ ಭಾನುವಾರ. ಮಗಳು ನಿಶ್ಮಿತಾಳ ಫೋನ್ ಬರಲಿಲ್ಲ. ಶಾಲೆ ಶುರುವಾಗಿ ಒಂದು ವಾರ, ಪುರಸೊತ್ತು ಇರಲಿಕ್ಕಿಲ್ಲ ಎಂದೆ. ಕೌಸಲ್ಯಾ ತನ್ನ ಲೈಬ್ರರಿ ಕೆಲಸಕ್ಕೆ ಹೊರಟಳು. ಅವಳ ಸರ್ವೀಸು ಇನ್ನೂ ಎರಡು ವರ್ಷ ಇದೆ.

ಜೂನ್ 11, ಬುಧವಾರ. ಮಧ್ಯಾಹ್ನ

ಫೋನ್ ಮಾಡಿದ್ದು ಮಗಳಲ್ಲ. ಅವಳ ಜೊತೆ ಪಾಠ ಮಾಡುವ ಸುಮಿತ್ರ ಟೀಚರ್. ಮಟ್ಟಾಂಚೇರಿಯ ಕೊಂಕಣಿ ಹೆಂಗಸು. ಮಲಯಾಳದಲ್ಲಿ ನಿಧಾನಕ್ಕೆ, ಪ್ರತಿ ಮಾತನ್ನೂ ಆರಿಸಿ ಆರಿಸಿ ಹೇಳಿದರು. ನಿಶ್ಮಿತಾಳ ಎಡಗಿವಿಯ ತಮಟೆ ಹರಿದಿದೆ. ಇ.ಎನ್.ಟಿ. ಡಾಕ್ಟರು ನೋಡಿದ್ದಾರೆ. ಮನೆಯಲ್ಲೇ ಆದದ್ದು. ಗಂಡನಿಂದ.

ಸುಮಂತ್? ಮೈಸೂರಿನ ಹುಡುಗ. ಕೊಚ್ಚಿಯಲ್ಲಿ ಕೇಂದ್ರ ಸರಕಾರದ ಸಂಸ್ಥೆಯೊಂದರಲ್ಲಿ ಸೈಂಟಿಸ್ಟ್. ಎದುರು ನಿಂತು ಜೋರಾಗಿ ಮಾತಾಡಿದ್ದನ್ನು ಏಳು ವರ್ಷದಲ್ಲಿ ನೋಡಿಲ್ಲ.

ಕೌಸಲ್ಯಾಳಿಗೆ ಹೇಳಿದೆ. ಅಳಲಿಲ್ಲ. “ಯಾವ ಕಿವಿ?” ಎಂದು ಮಾತ್ರ ಕೇಳಿದಳು. ನಾಳೆ ಬೆಳಗಿನ ಜನಶತಾಬ್ದಿ.

ಜೂನ್ 12. ತ್ರಿಪ್ಪುಣಿತ್ತುರ, ಮಗಳ ಮನೆ. ಸಂಜೆ

ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತು ಕಟ್ಟಿಕೊಂಡೇ ಬಂದಿದ್ದೆ. ಬಾಗಿಲು ತೆರೆದವನು ಅವನೇ. ನಮ್ಮ ಚೀಲ ತೆಗೆದುಕೊಂಡ. ಚಹಾ ಮಾಡಿದ. ಸಕ್ಕರೆ ಇಲ್ಲದ್ದು ನನಗೆ ಎಂದು ನೆನಪಿಟ್ಟಿದ್ದ. ಕೆನ್ನೆಯ ಮೇಲೆ ಒಂದು ಸಣ್ಣ ಗೀರು.

“ಇದೆಂತ ಸುಮಂತ್ ನೀವು ಮಾಡಿದ್ದು?” ಎಂದೆ.

“ಮಾವ, ಮೊದಲು ಕೈ ಎತ್ತಿದ್ದು ಅವಳು. ಅವಳನ್ನೇ ಕೇಳಿ. ಸುಳ್ಳಾದ್ರೆ ನನಗೆ ಚಪ್ಪಲೀಲಿ ಹೊಡೀರಿ.”

ನಿಶ್ಮಿತಾ ಕಿವಿಗೆ ಹತ್ತಿ ಇಟ್ಟುಕೊಂಡು ದಿವಾನದ ಮೇಲೆ ಕೂತಿದ್ದಳು. ನನ್ನ ಮುಖ ನೋಡಿಯೇ ಹೇಳಿದಳು. “ಹೌದಪ್ಪ. ನಾನೇ ಮೊದಲು.”

ವಿಷಯ ಇಷ್ಟು. ಅವಳಿಗೆ ವೈಸ್ ಪ್ರಿನ್ಸಿಪಾಲ್ ಹುದ್ದೆ ಬಂದಿದೆ. ಬೇಡ ಎಂದು ಬರೆದುಕೊಡು ಎಂದ ಇವನು. ಆಗುವುದಿಲ್ಲ ಎಂದಳು. ಆ ಹುದ್ದೆ ಹೇಗೆ ಸಿಕ್ಕಿತು ಎಂದು ಮಗುವಿನ ಎದುರೇ ಒಂದು ಮಾತು ಆಡಿದ. ಯಾವ ಮಾತು ಎಂದು ಮಗಳು ಬಾಯಿಬಿಟ್ಟು ಹೇಳಲಿಲ್ಲ. ಕೆನ್ನೆಗೆ ಒಂದು ಕೊಟ್ಟಳು. ಅವನು ತಿರುಗಿ ಕೊಟ್ಟ.

ಮೊಮ್ಮಗಳು ಅನನ್ಯ ಮಂಚದ ಕೆಳಗಿನಿಂದ ಬಣ್ಣದ ಪೆನ್ಸಿಲ್ ಹೆಕ್ಕುತ್ತ ಮಲಯಾಳದಲ್ಲೇ ಹೇಳಿತು — ಅಮ್ಮಯುಂ ಅಡಿಚ್ಚು, ಅಪ್ಪಯುಂ ಅಡಿಚ್ಚು. ಅಮ್ಮನೂ ಹೊಡೆದಳು, ಅಪ್ಪನೂ ಹೊಡೆದ. ಆರು ವರ್ಷದ ಮಗು.

ಆಗ ನಾನು ಮಗಳಿಗೆ ಹೇಳಿದ ಮೊದಲ ಮಾತು — “ನೀನು ಕೈ ಎತ್ತಬಾರದಿತ್ತು ಮಗಾ.”

ಯಾಕೆ ಅದೇ ಮೊದಲು ಬಾಯಿಗೆ ಬಂತೋ. ಕೌಸಲ್ಯಾ ಎದ್ದು ಅಡುಗೆಮನೆಗೆ ಹೋದಳು.

ಜೂನ್ 13. ಬೆಳಿಗ್ಗೆ 11

ಇಬ್ಬರನ್ನೂ ಎದುರೆದುರು ಕೂರಿಸಿದೆ. ಮಧ್ಯೆ ನಾನು.

ಸುಮಂತ್: “ಸಮಾನತೆ ಅಂತ ನೀವೇ ಬೆಳೆಸಿದ್ದೀರಿ ಮಾವ. ಒಳ್ಳೇದೇ. ಆದ್ರೆ ಹೊಡೆಯೋವಾಗ ಸಮಾನ, ಏಟು ತಿನ್ನೋವಾಗ ಹೆಣ್ಣು — ಇದು ಹೇಗೆ?”

ಮಾತಿನಲ್ಲಿ ನ್ಯಾಯ ಇದ್ದ ಹಾಗೆ ಕಂಡಿತು. ಅವನ ಗೀರು ನಾಳೆ ಮಾಯುತ್ತದೆ, ಅವಳ ಕಿವಿ ಮಾಯಲು ಎರಡು ತಿಂಗಳು ಬೇಕು — ಇದು ಆಗ ಹೊಳೆಯಲಿಲ್ಲ. ಈಗ ಬರೆಯುವಾಗ ಹೊಳೆಯುತ್ತಿದೆ.

“ಇಬ್ಬರದ್ದೂ ತಪ್ಪು,” ಎಂದೆ. ಇಬ್ಬರೂ ಸಾರಿ ಹೇಳಬೇಕು ಎಂದೆ. ಅವನು ಹೇಳಿದ, ಕೂಡಲೇ, ಚೆನ್ನಾಗಿ. ಅವಳು ಕಿವಿಯ ಹತ್ತಿ ಸರಿಮಾಡಿಕೊಂಡು ಹೇಳಿದಳು. ಕೌಸಲ್ಯಾ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಕುಕ್ಕರ್ ಇಟ್ಟಿರಲಿಲ್ಲ, ನೀರಿನ ಸದ್ದೂ ಇರಲಿಲ್ಲ. ಅಲ್ಲಿ ಏನು ಮಾಡುತ್ತಿದ್ದಳೋ.

ಅಂತೂ ಮುಗಿಯಿತು. ಕಿವಿಯ ಚೆಕಪ್ ತನಕ ಕೌಸಲ್ಯಾ ಇಲ್ಲೇ ಇರುತ್ತಾಳಂತೆ. ನಾನು ಸಂಜೆಯ ಗಾಡಿಗೆ.

ಜೂನ್ 22, ಭಾನುವಾರ

ತಿರುವನಂತಪುರ. ಒಬ್ಬನೇ. ದೋಸೆ ಹಿಟ್ಟು ಅಂಗಡಿಯದ್ದು, ಹುಳಿ. ಕೌಸಲ್ಯಾಳ ರಜೆ ಇನ್ನೂ ಹತ್ತು ದಿನ ಮುಂದೆ ಹೋಗಿದೆ. ಫೋನಿನಲ್ಲಿ — ಊಟ ಆಯ್ತಾ, ಮಾತ್ರೆ ತಗೊಂಡ್ರಾ. ಅಷ್ಟೇ. ಅಲ್ಲಿ ಹೇಗಿದೆ ಎಂದರೆ “ಇದ್ದೇವೆ.”

ಜುಲೈ 3, ಗುರುವಾರ. ಮಧ್ಯಾಹ್ನ 2

ಮತ್ತೆ ಹೊಡೆದಿದ್ದಾನೆ.

ಕೌಸಲ್ಯಾ ಕಣ್ಣಾರೆ ಕಂಡಿದ್ದಾಳೆ. ಮಾತಿಗೆ ಮಾತು ಬೆಳೆಯುತ್ತಿತ್ತಂತೆ, ಜೋರೂ ಇರಲಿಲ್ಲವಂತೆ. ಮಳೆ ಒಳಗೆ ಹೊಡೆಯುತ್ತದೆ ಎಂದು ನಿಶ್ಮಿತಾ ಕಿಟಕಿ ಮುಚ್ಚಲು ಕೈ ಚಾಚಿದಳು. ಅವನು ಬೆನ್ನಿಗೆ ಗುದ್ದಿದ, ಬಿದ್ದ ಮೇಲೆ ಇನ್ನೊಮ್ಮೆ. “ಹೊಡೀಲಿಕ್ಕೆ ಬಂದ್ಳು ಅಂದ್ಕೊಂಡೆ” ಎಂದನಂತೆ. ಆಮೇಲೆ ನಮ್ಮವಳ ಕಡೆ ತಿರುಗಿ — “ಅತ್ತೆ, ಇಬ್ಬರದ್ದೂ ತಪ್ಪು ಅಂತ ಮಾವನೇ ಹೇಳಿದ್ದಾರೆ.”

ಮಾವನೇ ಹೇಳಿದ್ದಾರೆ.

ಮಗಳನ್ನೂ ಮಗುವನ್ನೂ ಕರೆದುಕೊಂಡು ಸುಮಿತ್ರ ಟೀಚರ ಮನೆಯ ಮಹಡಿಗೆ ಹೋಗಿದ್ದಾಳೆ. ನನ್ನನ್ನು ಕೇಳಿ ಅಲ್ಲ. ಹೋದ ಮೇಲೆ ತಿಳಿಸಿದ್ದು.

ಜುಲೈ 5. ಮಟ್ಟಾಂಚೇರಿ

ಮಹಡಿಯಲ್ಲಿ ಒಂದೇ ಕೋಣೆ. ಕೆಳಗೆ ಶುಂಠಿಯ ಗೋದಾಮು, ಮೆಟ್ಟಿಲಿನ ತನಕ ಘಾಟು. ನಿಶ್ಮಿತಾ ಗೋಡೆಗೆ ಒರಗಲಾಗದೆ ಕವುಚಿ ಮಲಗಿದ್ದಳು. ಮಾತಾಡಿಸಿದೆ. ಕಣ್ಣು ಬಿಡಲಿಲ್ಲ. ನಿದ್ದೆ ಬಂದಿರಲಿಲ್ಲ.

ಕೌಸಲ್ಯಾಳನ್ನು ಬೋಟ್ ಜೆಟ್ಟಿಗೆ ಕರೆದುಕೊಂಡು ಹೋದೆ. ಪೊಲೀಸು ಕೋರ್ಟು ಎಂದು ಈಗಲೇ ಹೋಗುವುದು ಬೇಡ, ನಾನು ಇನ್ನೊಂದು ಸಲ ಅವನ ಹತ್ತಿರ ಮಾತಾಡುತ್ತೇನೆ ಎಂದೆ.

“ನೀವು ಮಾತಾಡುದು ಸಾಕು,” ಎಂದಳು. ಆಮೇಲೆ ನೀರು ನೋಡುತ್ತ, “ಅವತ್ತು ನೀವು ಇಬ್ಬರದ್ದೂ ತಪ್ಪು ಅಂತ ಹೇಳುವಾಗ ನಾನು ಯಾಕೆ ಹೊರಗೆ ಬರ್ಲಿಲ್ಲ ಗೊತ್ತುಂಟಾ? ಬಂದಿದ್ರೆ ಎಲ್ಲರ ಎದುರು ಹೇಳ್ಬೇಕಾಗ್ತಿತ್ತು.”

“ಎಂತದ್ದು?”

“ಮೂರು ಸಲ.”

ಅರ್ಥವಾಗದ ಹಾಗೆ ನಿಂತೆ. ಅರ್ಥವಾಗಿತ್ತು.

“ಒಂದು ಸಲ ಅಲ್ವಾ ಮಾರಾಯ್ತಿ,” ಎಂದೆ. ಹೌದು, ಹಾಗೆಯೇ ಎಂದೆ.

“ನಿಮ್ಮ ನೆನಪಿಗೆ ಒಂದು. ಮದುವೆ ಆದ ಮರುವರ್ಷ ಕ್ವಾರ್ಟರ್ಸಿನಲ್ಲಿ. ನಿಶ್ಮಿತಾಳಿಗೆ ಆರು ತಿಂಗಳಾಗಿರುವಾಗ. ಮತ್ತೆ ಇವಳ ಒಂಬತ್ತನೇ ವರ್ಷ, ಸ್ಕೂಲ್ ಡೇ ದಿವಸ — ಇವಳು ಬಾಗಿಲ ಹತ್ರ ನಿಂತಿದ್ಳು, ಡ್ಯಾನ್ಸಿನ ಡ್ರೆಸ್ಸು ಹಾಕಿಕೊಂಡು.” ಮೂರು ಬೆರಳು ಮಡಿಸಿದಳು. “ಒಂದು ಸಲವೂ ನಾನು ಮೊದಲು ಕೈ ಎತ್ತಿದ್ದಲ್ಲ. ಕಡೆಗೂ ಎತ್ತಿದ್ದಲ್ಲ. ಮಗಳು ಎತ್ತಿದಳು. ಇಬ್ಬರಿಗೂ ಸಿಕ್ಕಿದ್ದು ಒಂದೇ ಅಲ್ವಾ?”

ಬೋಟು ಬಂತು. ಜನ ಇಳಿದರು, ಹತ್ತಿದರು. ನಾವು ಎಲ್ಲಿಗೂ ಹೋಗುವವರಲ್ಲ.

ಜುಲೈ 7

ಮನೆಗೆ ಬಂದು ಅಟ್ಟದಿಂದ ಹಳೆಯ ಡೈರಿಗಳನ್ನು ಇಳಿಸಿದೆ. ಮೊದಲ ಎರಡು ಸಲದ್ದರ ತಾರೀಕು ಗೊತ್ತಿಲ್ಲ. ಸ್ಕೂಲ್ ಡೇ ಸಿಕ್ಕಿತು. ನನ್ನ ಅಕ್ಷರ, ಆಗ ಇನ್ನೂ ದುಂಡಗಿತ್ತು.

‘ನಿಶ್ಮಿತಾಳ ಡ್ಯಾನ್ಸ್. ಹೊರಡುವಾಗ ತಡವಾಯಿತು. ತಲೆನೋವು. ಕೌ. ಸಂಜೆಯಿಂದ ಮಾತಾಡುತ್ತಿಲ್ಲ. ಯಾಕೋ.’

ಯಾಕೋ.

ಯಾರಿಗೂ ತೋರಿಸದ ಪುಸ್ತಕ. ಇದರಲ್ಲಿ ಯಾರಿಗೆ ಹೆದರಿ ಹೀಗೆ ಬರೆದೆ?

ಜುಲೈ 18, ಶುಕ್ರವಾರ

ಅಡ್ವೊಕೇಟ್ ಮಂದಾಕಿನಿ ಫೋನ್ ಮಾಡಿದ್ದಳು. ನಮ್ಮ ಕಾಸರಗೋಡಿನವಳೇ, ಎರ್ನಾಕುಳಂನಲ್ಲಿ ಪ್ರಾಕ್ಟೀಸ್. ನಿಶ್ಮಿತಾಳ ಪರವಾಗಿ ಕೇಸು ಹಾಕಿ ಆಗಿದೆ. ಅವನು ಹತ್ತಿರ ಬರಬಾರದು ಎಂದು ಸದ್ಯಕ್ಕೆ ಆರ್ಡರ್ ಸಿಕ್ಕಿದೆ. ಇನ್ನು ಸಾಕ್ಷಿ. ಎರಡನೇ ಸಲದ್ದಕ್ಕೆ ಕೌಸಲ್ಯಾ. ಮೊದಲನೆಯ ಸಲದ್ದಕ್ಕೆ — ಅವನು ಹೊಡೆದೆ ಎಂದು ಒಪ್ಪಿದ್ದು ನನ್ನ ಎದುರು — ನಾನು.

“ಶಂಕರನಾರಾಯಣ ಸರ್, ಒಂದು ಮೊದಲೇ ಹೇಳ್ತೇನೆ. ಆಚೆಯವರು ನಿಮ್ಮ ಮನೆ ವಿಷಯ ಕೇಳ್ತಾರೆ. ನಿಶ್ಮಿತಾ ಮದುವೆ ಆದ ಹೊಸತರಲ್ಲಿ ಸುಮಂತ್ ಹತ್ರ ಹೇಳಿದ್ದಾಳಂತೆ.”

“ಎಂತ ಹೇಳಿದ್ದಾಳೆ?”

“ನಿಮಗೆ ಗೊತ್ತುಂಟಲ್ಲ ಸರ್.”

ಮಗಳು ನನ್ನ ಬಗ್ಗೆ ಹೇಳಿಕೊಂಡದ್ದು ಗಂಡನ ಹತ್ತಿರ, ನಂಬಿ. ಅವನು ಅದನ್ನು ಏಳು ವರ್ಷ ಇಟ್ಟುಕೊಂಡಿದ್ದಾನೆ.

ಜುಲೈ 21

ಅವನೇ ಫೋನ್ ಮಾಡಿದ. ಅದೇ ಮೆತ್ತಗಿನ ದನಿ.

“ಮಾವ, ನೀವು ಕೋರ್ಟಿಗೆ ಬರಬೇಡಿ. ಬಂದ್ರೆ ಲಾಯರ್ ಕೇಳ್ತಾರೆ, ನನ್ನ ಕೈಲಿ ತಡೆಯೋಕಾಗಲ್ಲ. ನಿಮ್ಮ ಮರ್ಯಾದೆ ದೃಷ್ಟಿಯಿಂದ ಹೇಳ್ತಿದೀನಿ. ನಾವಿಬ್ರೂ ಗಂಡಸರು, ನಮಗೆ ಗೊತ್ತು ಅದು ಯಾವ ಕ್ಷಣದಲ್ಲಿ ಆಗೋಗುತ್ತೆ ಅಂತ.”

ನಾವಿಬ್ಬರೂ. ಬೈಯಬೇಕಿತ್ತು. “ಆಯ್ತು, ಇಡ್ತೇನೆ” ಎಂದೆ.

ಜುಲೈ 24

ಬಿ.ಪಿ. ಜಾಸ್ತಿ, ಪ್ರಯಾಣ ಆಗುವುದಿಲ್ಲ ಎಂದು ಮಂದಾಕಿನಿಗೆ ತಿಳಿಸಿದೆ. ಬಿ.ಪಿ. ನೋಡಿಸಿಲ್ಲ. ಒತ್ತಾಯ ಮಾಡಲಿಲ್ಲ ಅವಳು. ಎದೆ ಹಗುರವಾದದ್ದು ನಿಜ.

ಸಂಜೆ ನಿಶ್ಮಿತಾಳ ಮೆಸೇಜ್. ‘ಓಕೆ ಅಪ್ಪ.’ ಎಷ್ಟು ಸಲ ನೋಡಿದರೂ ಅಷ್ಟೇ.

ಸೆಪ್ಟೆಂಬರ್ 5. ತಿರುವೋಣಂ ಹಬ್ಬ

ಕೆಳಗಿನ ಫ್ಲ್ಯಾಟಿನ ಕಮಲ ಚೇಚ್ಚಿ ಅಡಪ್ರಥಮನ್ ಪಾಯಸ ಕೊಟ್ಟು ಹೋದರು. ಕೌಸಲ್ಯಾ ಎಲ್ಲಿ, ಹಬ್ಬಕ್ಕೂ ಬಂದಿಲ್ಲವಾ ಎಂದರು. ಮೊಮ್ಮಗಳಿಗೆ ಜ್ವರ ಎಂದೆ.

ಕೈಪಿಡಿ ವಾಪಸ್ ಕಳಿಸಿದೆ. ಬೇರೆಯವರು ಮಾಡಲಿ.

ಸೆಪ್ಟೆಂಬರ್ 23, ಮಂಗಳವಾರ. ಸಂಜೆ 4

ಇವತ್ತು ಕೌಸಲ್ಯಾಳ ಸಾಕ್ಷಿ ಇತ್ತು. ಮಂದಾಕಿನಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಆಚೆಯ ವಕೀಲ ಕೇಳಿದ — ನಿಮ್ಮ ಗಂಡ ನಿಮಗೆ ಹೊಡೆದದ್ದುಂಟಾ? ಉಂಟು, ಮೂರು ಸಲ. ಆದರೂ ಮೂವತ್ತೈದು ವರ್ಷ ಸಂಸಾರ ಮಾಡಿದಿರಿ, ಕೇಸು ಹಾಕಲಿಲ್ಲ, ಹಾಗಾದರೆ ಇದು ಅಷ್ಟು ದೊಡ್ಡ ವಿಷಯ ಅಲ್ಲವಲ್ಲ?

ಕೌಸಲ್ಯಾ ಹೇಳಿದಳಂತೆ: “ನಾನು ಸುಮ್ಮನೆ ಇದ್ದೆ. ಅದನ್ನು ನೋಡಿ ಮಗಳು, ಸುಮ್ಮನೆ ಇರಬಾರದು ಅಂತ ಕಲಿತಳು. ಅವಳು ಕೈ ಎತ್ತಿದ್ದು ಸರಿ ಅಂತ ಹೇಳುದಿಲ್ಲ ನಾನು. ಆದರೆ ಬಿದ್ದವಳನ್ನು ಎಬ್ಬಿಸಿದ್ದು ನಾನು. ಅವನಿಗೆ ಎಲ್ಲಿಯೂ ಪೆಟ್ಟಾಗಿರಲಿಲ್ಲ.”

ತುಂಬಿದ ಕೋರ್ಟು. ಹೆಸರು ಸಮೇತ ನನ್ನ ವಿಷಯ. ಮೊದಲು ಬಂದದ್ದು ಸಿಟ್ಟು — ಅದನ್ನೂ ಬರೆದಿಡುತ್ತೇನೆ. ಕೈ ಮುಷ್ಟಿಯಾಗಿತ್ತು. ಎದುರಿಗೆ ಖಾಲಿ ಕುರ್ಚಿ.

ಸೆಪ್ಟೆಂಬರ್ 26

ನಿಶ್ಮಿತಾ ವೈಸ್ ಪ್ರಿನ್ಸಿಪಾಲ್ ಚಾರ್ಜ್ ತೆಗೆದುಕೊಂಡಳಂತೆ. ಎಡಗಿವಿಯಲ್ಲಿ ಕೇಳುವುದು ಸ್ವಲ್ಪ ಕಡಿಮೆಯೇ ಉಳಿಯುತ್ತದೆ ಎಂದರಂತೆ ಡಾಕ್ಟರು. ಎರಡೂ ಸುದ್ದಿ ಸುಮಿತ್ರ ಟೀಚರಿಂದ.

ಕೌಸಲ್ಯಾಳಿಗೆ ಫೋನ್ ಮಾಡಿದೆ. ಯಾವಾಗ ಬರ್ತಿ ಎಂದೆ. ಕೊಚ್ಚಿಯ ಲೈಬ್ರರಿಗೆ ಟ್ರಾನ್ಸ್‌ಫರ್ ಕೇಳಿದ್ದಾಳೆ. ಸಿಕ್ಕಿದೆ.

“ಕ್ಷಮಿಸು ಕೌಸಲ್ಯಾ,” ಎಂದೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಇರಬೇಕು.

“ಯಾವುದಕ್ಕೆ?”

“ಎಲ್ಲದಕ್ಕೆ.”

“ಎಲ್ಲದಕ್ಕೆ ಅಂತ ಹೇಳಿದ್ರೆ ಒಂದಕ್ಕೂ ಅಲ್ಲ. ಯಾವುದಕ್ಕೆ ಅಂತ ಗೊತ್ತಾದ ಮೇಲೆ ಹೇಳಿ.” ಸಿಟ್ಟಿರಲಿಲ್ಲ ದನಿಯಲ್ಲಿ. ಬಸ್ಸು ಬಂತು ಎಂದು ಇಟ್ಟಳು.

ಸೆಪ್ಟೆಂಬರ್ 28, ಭಾನುವಾರ. ಬೆಳಿಗ್ಗೆ 10

ಮಂದಾಕಿನಿ ಹೇಳಿದಳು, ಇನ್ನೂ ಸಮಯ ಇದೆ, ಅಫಿಡವಿಟ್ ಕೊಡಬಹುದು. ಅವನು ಒಪ್ಪಿಕೊಂಡದ್ದೂ ಬರಲಿ, ನನ್ನದೂ ಬರಲಿ ಎಂದೆ. ನಿಜವಾಗಿಯೂ ಅಂದೆ. ಕರಡು ಮಾಡಿ ಕಳಿಸಿ ಎಂದಳು. ಮೂವತ್ತು ವರ್ಷ ಕರಡು ಮಾಡಿದವನು ನಾನು.

ಮೂರು ಹಾಳೆ ಹರಿದೆ. ‘ಸದರಿ ಸಂದರ್ಭದಲ್ಲಿ ಹಲ್ಲೆ ನಡೆಯಿತು.’ ನಡೆಯಿತು — ತಾನಾಗಿ. ‘ಹೊಡೆಯಲಾಯಿತು.’ ಯಾರು? ಆಫೀಸಿನ ಕನ್ನಡದಲ್ಲಿ ಮಾಡಿದವನು ಇರುವುದೇ ಇಲ್ಲ. ‘ಮಾತಿಗೆ ಮಾತು ಬೆಳೆದು’ — ಬೆಳೆದಿರಲಿಲ್ಲ. ಅವಳು ಮಾತೇ ಆಡಿರಲಿಲ್ಲ.

ಮೊದಲು ಇಲ್ಲಿ ಬರೆದು ನೋಡುತ್ತೇನೆ. ಸುಮ್ಮನೆ, ಆದ ಹಾಗೆ.

ಒಂದನೆಯದು. ಕ್ವಾರ್ಟರ್ಸು. ಸಂಜೆ, ಬೆಳಕಿತ್ತು. ನನ್ನ ಆಫೀಸಿನವರು ಊಟಕ್ಕೆ ಬರುವವರಿದ್ದರು. ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅಷ್ಟೇ, ಉಪ್ಪು. ಅವಳು ನೀರು ಸೇರಿಸಲು ಒಲೆಯ ಕಡೆ ತಿರುಗಿದ್ದಳು, ಬೆನ್ನು ನನಗೆ. ಕೈಯಲ್ಲಿ ಚೆಂಬು. ಇಪ್ಪತ್ತೆರಡು ವರ್ಷ ಅವಳಿಗೆ. ನಾನು ಅವಳ ಹೆಸರು ಕರೆದೆ. ಅವಳು ತಿರುಗಿದಳು — ನಗುತ್ತಿದ್ದಳು, ಏನೋ ಹೇಳಲಿಕ್ಕಿತ್ತು. ನಾನು